ಕೆಮ್ಮಿನಲ್ಲಿ ರಕ್ತ: ಮುಚ್ಚಬೇಕಾದ ನಾಳ ಯಾವುದು?

ಕೆಮ್ಮಿದಾಗ ರಕ್ತ ಬಂತು ಅಂದರೆ ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಟಿಬಿ. ಮನೆಯವರು ಹಾಗೇ ಅಂದುಕೊಳ್ಳುತ್ತಾರೆ, ಅಕ್ಕಪಕ್ಕದವರು ಪಿಸುಗುಡುವುದೂ ಅದನ್ನೇ, ಎಷ್ಟೋ ಸಲ ಮೊದಲು ನೋಡಿದ ಡಾಕ್ಟರು ಬರೆಯುವುದೂ ಅದನ್ನೇ. ಈ ಊಹೆಗೆ ಕಾರಣವೂ ಇದೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರು. ಟಿಬಿ ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಉಳಿದ ಕಲೆಗಳಿಂದ ಎಷ್ಟೋ ವರ್ಷದ ನಂತರ ರಕ್ತ ಬರಬಹುದು. ಹಾಗಾಗಿ ಮೊದಲು ಟಿಬಿ ಇದೆಯಾ ಅಂತ ನೋಡುವುದು ಸರಿಯಾದ ಕ್ರಮವೇ.

ತೊಂದರೆ ಆಗುವುದು ಅಲ್ಲಿಗೇ ನಿಂತುಬಿಟ್ಟಾಗ. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಆದರೂ ಇರಲಿ ಅಂತ ಆರು ತಿಂಗಳ ಮಾತ್ರೆ ಶುರುವಾಗುತ್ತದೆ. ಸ್ವಲ್ಪ ದಿನ ರಕ್ತ ನಿಲ್ಲುತ್ತದೆ, ಮಾತ್ರೆ ಹಿಡಿಸಿತು ಅಂತ ಎಲ್ಲರಿಗೂ ಸಮಾಧಾನ. ಆಮೇಲೆ ಒಂದು ರಾತ್ರಿ ಬೇಸಿನ್ ತುಂಬಾ ರಕ್ತ. ಇಂಥವರಲ್ಲಿ ಕೆಲವರಿಗೆ ಇದ್ದದ್ದು ಸೋಂಕೇ ಅಲ್ಲ. ಅವರ ಶ್ವಾಸಕೋಶದ ರಕ್ತನಾಳಗಳು ಹುಟ್ಟಿನಿಂದಲೇ ಬೇರೆ ರೀತಿ ಜೋಡಣೆಯಾಗಿರುತ್ತವೆ. ಅವರಿಗೆ ಬೇಕಾದ್ದು ಮಾತ್ರೆಯಲ್ಲ. ತೊಡೆಸಂದಿನಿಂದ ಒಂದು ತೆಳ್ಳನೆಯ ಕೊಳವೆ (ಕ್ಯಾಥೆಟರ್) ಹಾಕಿ, ರಕ್ತ ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುವ ಚಿಕಿತ್ಸೆ. ಎದೆ ಕೊಯ್ಯದೆ ಆಗುವ ಈ ಕೆಲಸ ಇಂದು ಕರ್ನಾಟಕದಲ್ಲೂ ಸಾಧ್ಯ. ಆದರೆ ಇದು ಫಲ ಕೊಡುವುದು ಸೋರುತ್ತಿರುವುದು ಯಾವ ನಾಳ ಅಂತ ಮೊದಲೇ ಗೊತ್ತಿದ್ದಾಗ. ನಾಳ ತಪ್ಪಿದರೆ ಉಪಯೋಗವಿಲ್ಲ ಅನ್ನುವುದಷ್ಟೇ ಅಲ್ಲ, ಅದೇ ಚಿಕಿತ್ಸೆ ಪ್ರಾಣಕ್ಕೂ ಕುತ್ತು ತರಬಹುದು.

ಈ ರಕ್ತಸ್ರಾವಕ್ಕೆ ಇಷ್ಟು ಹೆದರುವುದು ಯಾಕೆ ಅನ್ನುವುದನ್ನೂ ಹೇಳಬೇಕು. ರಕ್ತ ಕಡಿಮೆಯಾಗಿ ಸಾಯುತ್ತಾರೆ ಅಂತ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಹೆಚ್ಚಿನವರು ಸಾಯುವುದು ಉಸಿರುಗಟ್ಟಿ. ದೊಡ್ಡವರಲ್ಲಿ ಶ್ವಾಸನಾಳ ಮತ್ತು ಅದರ ಕವಲುಗಳಲ್ಲಿರುವ ಜಾಗ ಸುಮಾರು 150 ಮಿಲಿಲೀಟರ್ ಅಷ್ಟೇ, ಒಂದು ಟೀ ಲೋಟದಷ್ಟು. ಅಷ್ಟು ರಕ್ತ ಒಮ್ಮೆಲೇ ನುಗ್ಗಿ ಹೆಪ್ಪುಗಟ್ಟಿದರೆ ಗಾಳಿಗೆ ದಾರಿ ಇರುವುದಿಲ್ಲ. ರಕ್ತದಾನ ಮಾಡುವಾಗ ಇದರ ಎರಡರಷ್ಟಕ್ಕಿಂತ ಜಾಸ್ತಿ ರಕ್ತ ಕೊಟ್ಟು ಮನೆಗೆ ನಡೆದು ಹೋಗುತ್ತೇವೆ. ತೀವ್ರ ರಕ್ತಸ್ರಾವ ಅಂದರೆ ಎಷ್ಟು ಅನ್ನುವುದಕ್ಕೆ ವೈದ್ಯಕೀಯ ಪುಸ್ತಕಗಳಲ್ಲಿ 24 ಗಂಟೆಗೆ 100 ಮಿಲಿಯಿಂದ 1000 ಮಿಲಿವರೆಗೆ ಬೇರೆ ಬೇರೆ ಲೆಕ್ಕ ಇದೆ. ರೋಗಿಯ ಪಾಲಿಗೆ ಆ ಲೆಕ್ಕಕ್ಕಿಂತ ಮುಖ್ಯವಾದದ್ದು ಉಸಿರಾಟ. ಈಗಾಗಲೇ ಶ್ವಾಸಕೋಶ ಹಾಳಾಗಿರುವವರಿಗೆ ಕಡಿಮೆ ರಕ್ತವೂ ಸಾಕು.

ಎರಡು ದಾರಿ, ಎರಡು ಒತ್ತಡ

ಶ್ವಾಸಕೋಶಕ್ಕೆ ರಕ್ತ ಬರುವುದು ಎರಡು ಕಡೆಯಿಂದ. ಹೃದಯದ ಬಲಭಾಗದಿಂದ ಹೊರಡುವ ದೊಡ್ಡ ನಾಳ ಒಂದು. ದೇಹದ ರಕ್ತವೆಲ್ಲ ಆಮ್ಲಜನಕ ತುಂಬಿಸಿಕೊಳ್ಳಲು ಬರುವುದು ಇದರಲ್ಲೇ. ಇದು ಪಲ್ಮನರಿ ಅಪಧಮನಿ. ಶ್ವಾಸಕೋಶಕ್ಕೆ ಬರುವ ರಕ್ತದಲ್ಲಿ ನೂರರಲ್ಲಿ ಸುಮಾರು 99 ಭಾಗ ಇದರದ್ದು. ಆದರೆ ಒತ್ತಡ ಕಡಿಮೆ, ಸರಾಸರಿ 15 ಮಿಲಿಮೀಟರ್ ಪಾದರಸದ ಆಸುಪಾಸು. ಇನ್ನೊಂದು, ಮಹಾಪಧಮನಿಯಿಂದ ನೇರವಾಗಿ ಬರುವ ಸಣ್ಣ ನಾಳಗಳು, ಬ್ರಾಂಕಿಯಲ್ ಅಪಧಮನಿಗಳು. ಇವು ಶ್ವಾಸನಾಳದ ಗೋಡೆಗೆ ಆಹಾರ ಕೊಡುವಂಥವು. ಹರಿಯುವ ರಕ್ತ ನೂರರಲ್ಲಿ ಒಂದು ಪಾಲು ಮಾತ್ರ, ಒತ್ತಡ ಮಾತ್ರ ಕೈಯಲ್ಲಿ ಬಿಪಿ ನೋಡಿದಾಗ ಸಿಗುವಷ್ಟೇ. ಮನೆಯಲ್ಲಿ ಮೇಲಿನ ಟ್ಯಾಂಕಿನಿಂದ ಇಳಿಯುವ ನಲ್ಲಿಗೂ ಮೋಟಾರಿಗೆ ನೇರ ಸಿಕ್ಕಿಸಿದ ಪೈಪಿಗೂ ಇರುವ ವ್ಯತ್ಯಾಸದ ಹಾಗೆ. ಎರಡನೆಯದು ಬಿರಿದರೆ ಸಣ್ಣ ತೂತಿನಿಂದಲೂ ನೀರು ಚಿಮ್ಮುತ್ತದೆ, ಅಲ್ವಾ?

ಟಿಬಿ, ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳದ ಕವಲುಗಳು ಶಾಶ್ವತವಾಗಿ ಹಿಗ್ಗಿಹೋಗುವ ಕಾಯಿಲೆ), ಶಿಲೀಂಧ್ರದ ಗಂಟು ಇವೆಲ್ಲದರಲ್ಲೂ ಊದಿಕೊಂಡು ಸೋರುವುದು ಹೆಚ್ಚಾಗಿ ಈ ಬ್ರಾಂಕಿಯಲ್ ನಾಳಗಳೇ. ತೀವ್ರವಾಗಿ ರಕ್ತ ಬರುವವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಮೂಲ ಇಲ್ಲೇ. ಅದಕ್ಕೇ ಈ ಕೆಲಸ ಮಾಡುವ ತಂಡದ ಮನಸ್ಸು ಮೊದಲು ಆ ಕಡೆಗೇ ಓಡುತ್ತದೆ. ಹುಟ್ಟಿನಿಂದ ಬಂದ ದೋಷದಲ್ಲಿ ಈ ಲೆಕ್ಕ ನಂಬುವ ಹಾಗಿಲ್ಲ.

ಒಂದು ಬಗೆಯನ್ನು ನೋಡಿ. ಪಲ್ಮನರಿ ಅಪಧಮನಿಯ ಒಂದು ಕವಲು, ಕೂದಲಿನಂಥ ಲೋಮನಾಳಗಳಾಗಿ ಒಡೆಯದೆ, ನೇರವಾಗಿ ಅಭಿಧಮನಿಗೆ ಸೇರಿಬಿಡುತ್ತದೆ. ಸೇರುವ ಕಡೆ ತೆಳ್ಳನೆ ಗೋಡೆಯ ಚೀಲದಂಥ ಉಬ್ಬು. ಡಾಕ್ಟರುಗಳು ಇದನ್ನು ಎ.ವಿ.ಎಂ. ಅನ್ನುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಎಷ್ಟೋ ವರ್ಷ ಏನೂ ಗೊತ್ತಾಗುವುದಿಲ್ಲ. ಗೋಡೆ ಹರಿದ ದಿನ ರಕ್ತ ಶ್ವಾಸನಾಳಕ್ಕೆ ಬರುತ್ತದೆ, ಇಲ್ಲವೇ ಎದೆಗೂಡಿನೊಳಗೆ ತುಂಬಿಕೊಳ್ಳುತ್ತದೆ.

ಇನ್ನೊಂದು ಬಗೆಯಲ್ಲಿ ಒಂದು ಕಡೆಯ ಪಲ್ಮನರಿ ಅಪಧಮನಿಯೇ ಇರುವುದಿಲ್ಲ. ಆ ಬದಿಯ ಶ್ವಾಸಕೋಶ ಬದುಕಿರುವುದು ಬ್ರಾಂಕಿಯಲ್ ನಾಳ, ಪಕ್ಕೆಲುಬಿನ ನಾಳ, ಭುಜದ ಕಡೆಯ ನಾಳ, ಕೆಳಗೆ ವಪೆಯ ನಾಳ, ಹೀಗೆ ಎಲ್ಲ ಕಡೆಯಿಂದ ಕಡ ತಂದ ರಕ್ತದಿಂದ. ಈ ನಾಳಗಳು ವರ್ಷ ಕಳೆದ ಹಾಗೆ ದಪ್ಪವಾಗಿ, ಸುರುಳಿ ಸುತ್ತಿಕೊಂಡು, ಒಂದು ದಿನ ಬಿರಿಯುತ್ತವೆ. ಇದರ ಎಕ್ಸ್‌ರೇ ನೋಡಿದರೆ ಒಂದು ಶ್ವಾಸಕೋಶ ಚಿಕ್ಕದಾಗಿ, ಹೃದಯ ಆ ಕಡೆ ಸರಿದಿರುತ್ತದೆ. ಹಳೆಯ ಟಿಬಿಯಿಂದ ಮುದುಡಿದ ಶ್ವಾಸಕೋಶವೂ ಕಾಣುವುದು ಹೆಚ್ಚುಕಡಿಮೆ ಹೀಗೇ. ಟಿಬಿ ಜಾಸ್ತಿ ಇರುವ ದೇಶದಲ್ಲಿ ಈ ಎಕ್ಸ್‌ರೇಯನ್ನು ಯಾರು ಹೇಗೆ ಓದುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ.

ಹುಟ್ಟಿನಿಂದ ಹೃದಯದ ತೊಂದರೆ ಇರುವ ಕೆಲವರಲ್ಲಿ, ಅದರಲ್ಲೂ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯೇ ಮುಚ್ಚಿರುವವರಲ್ಲಿ, ಮಹಾಪಧಮನಿಯಿಂದ ದಪ್ಪ ದಪ್ಪ ಅಡ್ಡನಾಳಗಳು ಹೊರಟು ಶ್ವಾಸಕೋಶಕ್ಕೆ ರಕ್ತ ಕೊಡುತ್ತಿರುತ್ತವೆ. ಚಿಕ್ಕಂದಿನಲ್ಲಿ ಆಪರೇಷನ್ ಆಗದೆ, ತುಟಿ ಉಗುರು ನೀಲಿಯಾಗಿಯೇ ದೊಡ್ಡವರಾದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ರಕ್ತ ಬಂದರೆ ಆ ಅಡ್ಡನಾಳಗಳ ಮೇಲೆ ಮೊದಲು ಅನುಮಾನ ಪಡಬೇಕು. ಆದರೆ ಅದನ್ನು ಮುಚ್ಚುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ಶ್ವಾಸಕೋಶದ ಆ ಭಾಗಕ್ಕೆ ರಕ್ತ ತರುವ ಬೇರೆ ನಾಳ ಇದೆಯಾ? ಇಲ್ಲದಿದ್ದರೆ ರಕ್ತಸ್ರಾವದ ಜೊತೆಗೆ ಆ ಭಾಗವೂ ಸಾಯುತ್ತದೆ. ಮೊದಲೇ ಆಮ್ಲಜನಕ ಕಡಿಮೆ ಇರುವ ರೋಗಿಗೆ ಆ ನಷ್ಟ ತಡೆಯುವುದು ಕಷ್ಟ.

ಕ್ಯಾಥ್‌ಲ್ಯಾಬ್ ಒಳಗೆ

ರಕ್ತನಾಳಕ್ಕೆ ಸೂಜಿ ಚುಚ್ಚಿ, ಸೂಜಿಯೊಳಗಿಂದ ತಂತಿ ತೂರಿಸಿ, ತಂತಿಯ ಮೇಲೆ ಕೊಳವೆ ಜಾರಿಸುವ ಉಪಾಯವನ್ನು ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. ಇವತ್ತಿಗೂ ಕೆಲಸ ಶುರುವಾಗುವುದು ಹಾಗೆಯೇ. ಕೆಮ್ಮಿನ ರಕ್ತ ನಿಲ್ಲಿಸಲು ಬ್ರಾಂಕಿಯಲ್ ನಾಳ ಮುಚ್ಚುವುದನ್ನು 1973ರಲ್ಲಿ ಫ್ರಾನ್ಸಿನ ಜಾಕ್ ರೆಮಿ ಅವರ ತಂಡ ತೋರಿಸಿತು. ಶ್ವಾಸಕೋಶದ ಎ.ವಿ.ಎಂ. ಅನ್ನು ಕ್ಯಾಥೆಟರ್‌ನಿಂದ ಮುಚ್ಚಿದ್ದನ್ನು 1977ರಲ್ಲಿ ಬರ್ಲಿನ್ನಿನ ಪೋರ್ಸ್ಟ್‌ಮನ್ ವರದಿ ಮಾಡಿದರು. ಅದಕ್ಕೂ ಮುಂಚೆ ಎದೆ ತೆರೆದು ಶ್ವಾಸಕೋಶದ ಭಾಗ ಕತ್ತರಿಸಿ ತೆಗೆಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಕೆಲಸಕ್ಕೆ ಮುಂಚೆ ಉಸಿರಿನ ದಾರಿ ಕಾಪಾಡಬೇಕು. ರಕ್ತ ಬರುತ್ತಿರುವ ಬದಿ ಗೊತ್ತಿದ್ದರೆ ಆ ಬದಿ ಕೆಳಗಾಗುವಂತೆ ಮಲಗಿಸುತ್ತಾರೆ, ಚೆನ್ನಾಗಿರುವ ಶ್ವಾಸಕೋಶಕ್ಕೆ ರಕ್ತ ಹರಿಯಬಾರದು ಅಂತ. ಅಗತ್ಯ ಬಿದ್ದರೆ ಚೆನ್ನಾಗಿರುವ ಕಡೆಗೆ ಮಾತ್ರ ಗಾಳಿ ಹೋಗುವ ಹಾಗೆ ಕೊಳವೆ ಹಾಕುತ್ತಾರೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತಾರೆ. ಹಾಗೇ ಸಾಧ್ಯವಾದ ಕಡೆಯೆಲ್ಲ ರಕ್ತನಾಳಗಳು ಎದ್ದು ಕಾಣುವಂತೆ ಡೈ ಹಾಕಿ ಸಿ.ಟಿ. ಆಂಜಿಯೋ, ಅಂದರೆ ನಾಳಗಳ ಸ್ಕ್ಯಾನ್ ತೆಗೆಯುತ್ತಾರೆ. ಸ್ಕ್ಯಾನ್ ಮುಗಿಯುವುದಕ್ಕೆ ಕೆಲವು ಸೆಕೆಂಡ್ ಸಾಕು. ನನ್ನ ಮಟ್ಟಿಗೆ ಈ ಇಡೀ ಚಿಕಿತ್ಸೆಯಲ್ಲಿ ತೀರಾ ನಿರ್ಲಕ್ಷ್ಯಕ್ಕೆ ಒಳಗಾದ ಹೆಜ್ಜೆ ಇದೇ.

ಯಾಕೆ ಅಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬ್ರಾಂಕಿಯಲ್ ನಾಳವೋ ಅಡ್ಡನಾಳವೋ ಆದರೆ ತೊಡೆಸಂದಿನ ಅಪಧಮನಿಯಿಂದ ಮಹಾಪಧಮನಿಗೆ ಹತ್ತಬೇಕು. ಎ.ವಿ.ಎಂ. ಆದರೆ ಪಕ್ಕದಲ್ಲೇ ಇರುವ ಅಭಿಧಮನಿಯಿಂದ ಹೃದಯದ ಬಲಭಾಗ ದಾಟಿ ಪಲ್ಮನರಿ ಅಪಧಮನಿಗೆ ಹೋಗಬೇಕು. ತೊಡೆಸಂದಿನಲ್ಲಿ ಎರಡು ನಾಳಗಳ ನಡುವಿನ ಅಂತರ ಬೆರಳಗಲವೂ ಇಲ್ಲ, ಆದರೆ ಒಂದರಿಂದ ಹೊರಟವರು ಇನ್ನೊಂದರ ಗುರಿ ಮುಟ್ಟುವುದಿಲ್ಲ.

ಮಹಾಪಧಮನಿಯ ದಾರಿಯಲ್ಲಿ ಹೋದರೆ ಬ್ರಾಂಕಿಯಲ್ ನಾಳದ ಬಾಯಿ ಸಾಮಾನ್ಯವಾಗಿ ಐದು, ಆರನೇ ಎದೆ ಕಶೇರುವಿನ ಮಟ್ಟದಲ್ಲಿ ಸಿಗುತ್ತದೆ. ಎಲ್ಲರಲ್ಲೂ ಅಲ್ಲ. ಮಹಾಪಧಮನಿಯ ಕಮಾನಿನ ಕೆಳಗಿನಿಂದಲೋ ಭುಜದ ನಾಳದಿಂದಲೋ ಹೊರಡುವುದೂ ಇದೆ. ಸಿ.ಟಿ. ಇಲ್ಲದೆ ಹೋದವರು ಅದನ್ನು ಹುಡುಕುವುದರಲ್ಲೇ ಹೊತ್ತು ಕಳೆಯುತ್ತಾರೆ. ನಾಳದ ಬಾಯಿಗೆ ಕೊಳವೆಯ ತುದಿ ಕೂತ ಮೇಲೆ ಡೈ ಬಿಡುತ್ತಾರೆ. ಪರದೆಯಲ್ಲಿ ಮೂಳೆಗಳ ಚಿತ್ರವನ್ನು ಕಂಪ್ಯೂಟರ್ ಅಳಿಸಿರುತ್ತದೆ, ಕಪ್ಪಗೆ ಕಾಣುವುದು ನಾಳಗಳು ಮಾತ್ರ. ರಕ್ತ ಚಿಮ್ಮುವುದು ಕಾಣಬಹುದು ಅಂತ ನೀವು ಅಂದುಕೊಂಡರೆ, ಅದು ತುಂಬಾ ಅಪರೂಪ. ಡಾಕ್ಟರು ಹುಡುಕುವುದು ಬೇರೆಯದನ್ನು: ಎರಡು ಮಿಲಿಮೀಟರಿಗಿಂತ ದಪ್ಪವಾದ, ಅಂಕುಡೊಂಕಾದ ನಾಳ, ಅದರ ತುದಿಯಲ್ಲಿ ಶಾಯಿ ಹರಡಿದಂಥ ಮಬ್ಬು. ಅದರ ಜೊತೆಗೆ ಹೇರ್‌ಪಿನ್ ಆಕಾರಕ್ಕೆ ಬಾಗಿದ ಒಂದು ತೆಳ್ಳನೆಯ ಗೆರೆ ಇದೆಯಾ ಅಂತಲೂ ನೋಡುತ್ತಾರೆ. ಅದು ಬೆನ್ನುಹುರಿಗೆ ರಕ್ತ ಕೊಡುವ ನಾಳ. ಅದು ಕಂಡರೆ ಅಲ್ಲಿಂದ ನಾಳ ಮುಚ್ಚುವ ಕಣಗಳನ್ನು ಬಿಡುವಂತಿಲ್ಲ. ಒಂದು ಮಿಲಿಮೀಟರಿಗಿಂತಲೂ ಸಣ್ಣ ಮೈಕ್ರೋಕ್ಯಾಥೆಟರನ್ನು ಅದರಾಚೆಗೆ ದಾಟಿಸಿ ಮುಂದುವರಿಯಬೇಕು, ಆಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ತಪ್ಪಿದರೆ ರೋಗಿಯ ಕಾಲಿನ ಶಕ್ತಿಯೇ ಹೋಗಬಹುದು. ಈ ತೊಡಕು ಅಪರೂಪ, ಆದರೆ ಸಹಿ ಹಾಕಿಸುವಾಗ ಮನೆಯವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಎಲ್ಲ ಸರಿಯಿದ್ದರೆ ಡೈ ಜೊತೆ ಬೆರೆಸಿದ ಸಣ್ಣ ಕಣಗಳನ್ನು ನಿಧಾನವಾಗಿ ಬಿಡುತ್ತಾರೆ. ಹೆಚ್ಚಾಗಿ ಬಳಸುವುದು ಪಾಲಿವಿನೈಲ್ ಆಲ್ಕೊಹಾಲ್ ಕಣಗಳನ್ನು, ಅಳತೆ 300ರಿಂದ 500 ಮೈಕ್ರಾನ್ ಅಥವಾ ಇನ್ನೂ ದೊಡ್ಡದು. ಅದಕ್ಕಿಂತ ಸಣ್ಣದಾದರೆ ಬ್ರಾಂಕಿಯಲ್ ಮತ್ತು ಪಲ್ಮನರಿ ನಾಳಗಳ ನಡುವಿನ ಸಣ್ಣ ಸಂದುಗಳಲ್ಲಿ ನುಸುಳಿ ಆಚೆ ಹೋಗುತ್ತವೆ.

ಈಗ ಇದೇ ಕಣಗಳನ್ನು ಎ.ವಿ.ಎಂ. ಇರುವ ಕಡೆ ಬಿಟ್ಟರೆ? ಅಲ್ಲಿ ಲೋಮನಾಳಗಳ ಜರಡಿಯೇ ಇಲ್ಲ. ಕಣಗಳು ಅಭಿಧಮನಿಗೆ ಹಾರಿ, ಹೃದಯದ ಎಡಭಾಗ ದಾಟಿ, ಮಿದುಳಿಗೆ ಹೋಗಿ ಕೂರುತ್ತವೆ. ರಕ್ತ ನಿಲ್ಲಿಸಲು ಹೋಗಿ ಲಕ್ವ ತರಿಸಿದ ಹಾಗೆ. ಅದಕ್ಕೇ ಅಲ್ಲಿ ಬಳಸುವುದು ಲೋಹದ ಸುರುಳಿ ಅಂದರೆ ಕಾಯಿಲ್, ಇಲ್ಲವೇ ನಿಕ್ಕಲ್ ಟೈಟಾನಿಯಂ ತಂತಿಯಿಂದ ಹೆಣೆದ ಪ್ಲಗ್. ಪ್ಲಗ್ ಕೊಳವೆಯೊಳಗೆ ಮಡಚಿಕೊಂಡು ಹೋಗಿ, ಹೊರಗೆ ಬಂದ ತಕ್ಷಣ ಅರಳಿ ನಾಳಕ್ಕೆ ಒತ್ತಿಕೊಳ್ಳುತ್ತದೆ. ಕೂತ ಜಾಗ ಸರಿಯಿಲ್ಲದಿದ್ದರೆ ಬಿಡಿಸುವ ಮುಂಚೆ ವಾಪಸ್ ಎಳೆದುಕೊಳ್ಳಲೂಬಹುದು. ಅಳತೆ ನಾಳಕ್ಕಿಂತ ಸ್ವಲ್ಪ ದೊಡ್ಡದೇ ಇರಬೇಕು. ಸಣ್ಣದಾದರೆ ಅದೂ ಕೊಚ್ಚಿಕೊಂಡು ಹೋಗುತ್ತದೆ.

ಇಂಥ ರೋಗಿಯ ಕೊಳವೆಯಲ್ಲಿ ಒಂದು ಗಾಳಿಗುಳ್ಳೆ ಕೂಡ ಇರಬಾರದು. ಬೇರೆಯವರಲ್ಲಿ ಪುಟ್ಟ ಗುಳ್ಳೆ ಶ್ವಾಸಕೋಶದಲ್ಲೇ ಕರಗಿಹೋಗುತ್ತದೆ. ಇವರಲ್ಲಿ ನೇರ ಮಿದುಳಿಗೋ ಹೃದಯದ ನಾಳಕ್ಕೋ ಹೋಗುತ್ತದೆ. ಅದಕ್ಕೇ ತಂತಿ ಎಳೆದು ಸಿರಿಂಜ್ ಸಿಕ್ಕಿಸುವಾಗ ಕೊಳವೆಯ ಹಿಂಬದಿಯನ್ನು ಸಲೈನ್ ಬಟ್ಟಲಿನಲ್ಲಿ ಮುಳುಗಿಸಿಟ್ಟು ಜೋಡಿಸುತ್ತಾರೆ. ರಕ್ತ ಬರುತ್ತಿರುವ ರೋಗಿ ಮೇಜಿನ ಮೇಲಿದ್ದಾಗಲೂ ಆ ಅರ್ಧ ನಿಮಿಷ ಉಳಿಸಲು ಹೋಗಬಾರದು.

ತಡವಾಗುವುದು ಎಲ್ಲಿ?

ಹೃದಯಕ್ಕೆ ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬ್ ಈಗ ನಮ್ಮ ಹಲವು ಊರುಗಳಲ್ಲಿದೆ. ಜಯದೇವ ಹೃದ್ರೋಗ ಸಂಸ್ಥೆಯೇ ಬೆಂಗಳೂರಿನಾಚೆ ಮೈಸೂರು, ಕಲಬುರಗಿಗಳಲ್ಲಿ ಆಸ್ಪತ್ರೆ ನಡೆಸುತ್ತಿದೆ. ಶ್ವಾಸಕೋಶದ ನಾಳ ಮುಚ್ಚುವುದಕ್ಕೂ ಬೇಕಾಗಿರುವುದು ಅಂಥದೇ ಯಂತ್ರ. ಕೊರತೆ ಇರುವುದು ಇದನ್ನು ಕಲಿತ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್‌ಗಳಿಗೆ (ಪರದೆಯ ಮೇಲೆ ಚಿತ್ರ ನೋಡುತ್ತಾ ಕೊಳವೆಯಿಂದ ಚಿಕಿತ್ಸೆ ಮಾಡುವ ತಜ್ಞರು) ಮತ್ತು ರಾತ್ರಿ ಎರಡು ಗಂಟೆಗೆ ಕಪಾಟಿನಲ್ಲಿ ಸಿಗಬೇಕಾದ ಸರಿಯಾದ ಅಳತೆಯ ಕಾಯಿಲ್, ಪ್ಲಗ್, ಕಣಗಳಿಗೆ. ಈ ತಜ್ಞರು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇದ್ದಾರೆ. ಎಲ್ಲ ತಾಲ್ಲೂಕಿನಲ್ಲೂ ಇರಬೇಕು ಅಂತ ನಾನು ಹೇಳುತ್ತಿಲ್ಲ, ಅದು ಆಗದ ಮಾತು. ಆದರೆ ರೋಗಿ ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲ ಆಸ್ಪತ್ರೆಗೆ ಗೊತ್ತಿರಬೇಕು. ಎದೆನೋವು ಬಂದರೆ ಯಾವ ಆಸ್ಪತ್ರೆಗೆ ಕಳಿಸಬೇಕು ಅಂತ 108ರ ಸಿಬ್ಬಂದಿಗೆ ಗೊತ್ತು. ಕೆಮ್ಮಿನಲ್ಲಿ ಲೋಟಗಟ್ಟಲೆ ರಕ್ತ ಬಂದವರನ್ನು ಹತ್ತಿರದ ಆಸ್ಪತ್ರೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಎದೆರೋಗ ಆಸ್ಪತ್ರೆಗೆ, ಅಲ್ಲಿಂದ ಮತ್ತೊಂದಕ್ಕೆ ಅಂತ ಸುಮ್ನೆ ಸುತ್ತಿಸಿದರೆ ಆ ದಾರಿಯಲ್ಲೇ ಹೊತ್ತು ಮೀರುತ್ತದೆ.

ಜಿಲ್ಲಾ ಮಟ್ಟದಲ್ಲಿ ಸಿ.ಟಿ. ಯಂತ್ರ ಈಗ ಅಪರೂಪವೇನಲ್ಲ. ರೋಗಿಯ ಉಸಿರು ಸ್ಥಿರವಾಗಿದ್ದರೆ ಅಲ್ಲೇ ಡೈ ಹಾಕಿ ಒಂದು ಆಂಜಿಯೋ ತೆಗೆದು, ಚಿತ್ರಗಳನ್ನು ಮುಂದಿನ ಆಸ್ಪತ್ರೆಗೆ ಮೊದಲೇ ಕಳಿಸಿದರೆ, ರೋಗಿ ತಲುಪುವಷ್ಟರಲ್ಲಿ ಅಲ್ಲಿನ ತಂಡಕ್ಕೆ ಯಾವ ದಾರಿ, ಯಾವ ಸಾಮಾನು ಅನ್ನುವುದು ತೀರ್ಮಾನವಾಗಿರುತ್ತದೆ. ಡೈ ಬಿಡುವ ಸಮಯ ಮಾತ್ರ ಮಹಾಪಧಮನಿ, ಪಲ್ಮನರಿ ಅಪಧಮನಿ ಎರಡೂ ಕಾಣುವ ಹಾಗಿರಬೇಕು. ಒಂದನ್ನೇ ನೋಡಿ ಬರೆದ ವರದಿ ಅರ್ಧ ನಕ್ಷೆ.

ಮನೆಯಲ್ಲಿ ಹೀಗಾದರೆ ರೋಗಿಯನ್ನು ಅಂಗಾತ ಮಲಗಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿ ರಕ್ತವನ್ನು ಉಗುಳಲು ಬಿಡಿ. ನುಂಗಿಸಬೇಡಿ, ನೀರು ಕುಡಿಸಬೇಡಿ. ಎದೆಯ ಒಂದು ಕಡೆ ಬಿಸಿಯಾಗಿ ಗುಳುಗುಳು ಅಂದಂತಾಗುತ್ತದೆ ಅಂತ ಕೆಲವರೇ ಹೇಳುತ್ತಾರೆ. ಹಾಗೆ ಹೇಳಿದರೆ ಆ ಬದಿ ಕೆಳಗಾಗುವಂತೆ ಮಲಗಿಸಬಹುದು. ಬಂದ ರಕ್ತದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹೊಳೆಯುವ ಕೆಂಪು, ನೊರೆನೊರೆ ಇದ್ದರೆ ಹೆಚ್ಚಾಗಿ ಶ್ವಾಸಕೋಶದ್ದು. ಕಾಫಿ ಪುಡಿಯ ಬಣ್ಣಕ್ಕೆ ತಿರುಗಿ ಊಟದ ಜೊತೆ ಬಂದರೆ ಹೊಟ್ಟೆಯದ್ದು. ಡಾಕ್ಟರಿಗೆ ಆ ಫೋಟೋದಿಂದ ಎಷ್ಟೋ ಸಹಾಯ ಆಗುತ್ತದೆ.

ರಕ್ತ ನಿಂತ ಮೇಲೂ ಕೆಲಸ ಮುಗಿದಿಲ್ಲ. ಬ್ರಾಂಕಿಯಲ್ ನಾಳ ಮುಚ್ಚಿದವರಲ್ಲಿ ಹೆಚ್ಚಿನವರಿಗೆ ಅಂದೇ ರಕ್ತ ನಿಲ್ಲುತ್ತದೆ, ಆದರೆ ತಿಂಗಳುಗಳ ಮೇಲೆ ಮತ್ತೆ ಬರುವುದು ಅಪರೂಪವಲ್ಲ. ಒಂದು ಕಡೆಯ ಪಲ್ಮನರಿ ಅಪಧಮನಿಯೇ ಇಲ್ಲದವರಲ್ಲಿ ಒಂದು ನಾಳ ಮುಚ್ಚಿದರೆ ಪಕ್ಕದ್ದು ಬೆಳೆಯುತ್ತದೆ. ಕೆಲವರಿಗೆ ಕೊನೆಗೆ ಆಪರೇಷನ್ ಬೇಕಾಗುತ್ತದೆ. ಆದರೂ ಎಡೆಬಿಡದೆ ರಕ್ತ ಬರುವಾಗ ಮಾಡುವ ಆಪರೇಷನ್ನಿಗೂ, ನಾಳ ಮುಚ್ಚಿ ರೋಗಿ ಚೇತರಿಸಿಕೊಂಡ ಮೇಲೆ ಮಾಡುವ ಆಪರೇಷನ್ನಿಗೂ ಅಪಾಯದಲ್ಲಿ ಬಹಳ ಅಂತರ. ಕ್ಯಾಥೆಟರ್ ಕೊಡುವ ಆ ಬಿಡುವಿಗೇ ದೊಡ್ಡ ಬೆಲೆ ಇದೆ.

ಎ.ವಿ.ಎಂ. ಮುಚ್ಚಿದವರಿಗೆ ಆರು ತಿಂಗಳಿಂದ ವರ್ಷದೊಳಗೆ ಒಂದು ಸಿ.ಟಿ., ಆಮೇಲೆ ಮೂರರಿಂದ ಐದು ವರ್ಷಕ್ಕೊಮ್ಮೆ ಇನ್ನೊಂದು ಬೇಕು. ಮುಚ್ಚಿದ ನಾಳ ಮತ್ತೆ ತೆರೆದುಕೊಳ್ಳಬಹುದು, ಸಣ್ಣದಿದ್ದದ್ದು ದೊಡ್ಡದಾಗಬಹುದು. ಹಲ್ಲು ಕೀಳಿಸುವ ಮುಂಚೆ ಆಂಟಿಬಯಾಟಿಕ್ ಬೇಕು, ಯಾಕೆಂದರೆ ಬಾಯಿಯ ಬ್ಯಾಕ್ಟೀರಿಯಾ ಜರಡಿ ತಪ್ಪಿಸಿಕೊಂಡು ಮಿದುಳಿನಲ್ಲಿ ಕೀವು ಮಾಡಬಹುದು. ಇದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ದೊಡ್ಡದಾಗಿ ಬರೆಯಬೇಕು. ದಂತವೈದ್ಯರ ಹತ್ತಿರ ಹೋಗುವಾಗ ಯಾರೂ ಸಿ.ಟಿ. ಫಿಲ್ಮ್ ತೆಗೆದುಕೊಂಡು ಹೋಗುವುದಿಲ್ಲ.

ಶ್ವಾಸಕೋಶದ ಎ.ವಿ.ಎಂ. ಇರುವ ಹೆಚ್ಚಿನವರಿಗೆ ಎಚ್.ಎಚ್.ಟಿ. ಅನ್ನುವ, ರಕ್ತನಾಳಗಳ ಆನುವಂಶಿಕ ಕಾಯಿಲೆ ಇರುತ್ತದೆ. ಸುಮಾರು 5000 ಜನರಲ್ಲಿ ಒಬ್ಬರಿಗೆ ಇದು ಇರಬಹುದು ಅನ್ನುವ ಅಂದಾಜಿದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇವರಲ್ಲಿ ಬಹುಪಾಲು ಮಂದಿಗೆ ಪದೇ ಪದೇ ಮೂಗಿನಲ್ಲಿ ರಕ್ತ ಬರುತ್ತದೆ, ಎಷ್ಟೋ ಜನರಲ್ಲಿ ಇದು ಚಿಕ್ಕಂದಿನಿಂದಲೇ ಶುರು. ನಮ್ಮ ಮನೆಗಳಲ್ಲಿ ಅದನ್ನು ಉಷ್ಣ ಅಂತ ಬಿಟ್ಟುಬಿಡುತ್ತೇವೆ. ಮೂಗಿನ ರಕ್ತ ಬಹಳಷ್ಟು ಸಲ ನಿಜವಾಗಿಯೂ ಚಿಂತೆ ಪಡುವಂಥದ್ದಲ್ಲ. ಆದರೆ ಅಜ್ಜಿಗೂ ಇತ್ತು, ಅಮ್ಮನಿಗೂ ಇದೆ, ತುಟಿ ನಾಲಿಗೆಯ ಮೇಲೆ ಸಣ್ಣ ಕೆಂಪು ಚುಕ್ಕೆಗಳೂ ಇವೆ ಅಂದರೆ ಶ್ವಾಸಕೋಶವನ್ನು ನೋಡಿಸಲೇಬೇಕು.

ಅದರಲ್ಲೂ ಬಸುರಿಯಾಗುವ ಮುಂಚೆ. ಗರ್ಭಿಣಿಯಲ್ಲಿ ರಕ್ತದ ಪ್ರಮಾಣ ಹೆಚ್ಚಾಗಿ ಈ ಉಬ್ಬುಗಳು ಹಿಗ್ಗುತ್ತವೆ. 2008ರಲ್ಲಿ ಬ್ರಿಟನ್ನಿನಿಂದ ಬಂದ ಅಧ್ಯಯನವೊಂದರಲ್ಲಿ, ಈ ಕಾಯಿಲೆಯ ಕುಟುಂಬಗಳ ಸುಮಾರು ನೂರು ಬಸಿರಿಗೆ ಒಂದರಲ್ಲಿ ಶ್ವಾಸಕೋಶದಿಂದ ತೀವ್ರ ರಕ್ತಸ್ರಾವವಾಗಿತ್ತು. ತೀರಿಕೊಂಡವರೆಲ್ಲ ಅದುವರೆಗೆ ಆರೋಗ್ಯವಾಗಿದ್ದಾರೆ ಅಂತಲೇ ಎಲ್ಲರೂ ತಿಳಿದಿದ್ದವರು. ಕಾಯಿಲೆ ಇದೆ ಅಂತ ಮೊದಲೇ ಗೊತ್ತಿದ್ದವರು ಬದುಕಿ ಉಳಿದದ್ದು ಜಾಸ್ತಿ. ಬಸಿರಿನಲ್ಲಿ ಗೊತ್ತಾದರೂ ನಾಲ್ಕನೇ ತಿಂಗಳಿನ ಮೇಲೆ ಕ್ಯಾಥೆಟರ್‌ನಿಂದ ಮುಚ್ಚಬಹುದು, ಆ ಕೆಲಸಕ್ಕೆ ಬೇಕಾಗುವ ಎಕ್ಸ್‌ರೇ ಪ್ರಮಾಣ ತೀರಾ ಕಡಿಮೆ ಇಡಲು ಸಾಧ್ಯ.

ಮನೆಯವರನ್ನು ತಪಾಸಣೆ ಮಾಡಲು ದುಬಾರಿ ಯಂತ್ರವೂ ಬೇಡ. ಎರಡು ಸಿರಿಂಜ್ ನಡುವೆ ಸಲೈನ್ ಮತ್ತು ಸ್ವಲ್ಪ ಗಾಳಿ ಕಲಕಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಾದ ಮೇಲೆ ಕೈ ನಾಳಕ್ಕೆ ಕೊಟ್ಟು ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಗುಳ್ಳೆಗಳು ಹೃದಯದ ಬಲಭಾಗದಲ್ಲಿ ಕಂಡು ಮಾಯವಾದರೆ ಸರಿ. ಮೂರು ನಾಲ್ಕು ಬಡಿತ ಕಳೆದ ಮೇಲೆ ಎಡಭಾಗದಲ್ಲೂ ಕಂಡರೆ ಶ್ವಾಸಕೋಶದಲ್ಲಿ ಅಡ್ಡದಾರಿ ಇದೆ ಅಂತ ಅನುಮಾನ ಪಟ್ಟು ಸಿ.ಟಿ. ಮಾಡಿಸಬೇಕು. ಎಕೋ ಮಾಡುವ ಹೃದ್ರೋಗ ತಜ್ಞರು ಇರುವ ಊರಿನಲ್ಲೆಲ್ಲ ಇದು ಆಗುವ ಕೆಲಸ. ಒಬ್ಬರಿಗೆ ಎ.ವಿ.ಎಂ. ಮುಚ್ಚಿ ಮನೆಗೆ ಕಳಿಸುವ ದಿನ, ಅವರ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳ ಹೆಸರಿನಲ್ಲೂ ಈ ಎಕೋಗೆ ಒಂದು ಚೀಟಿ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ.